ಕ್ಲೋಜರ್‌ನ ಪ್ರಶ್ನಾರ್ಥಕ ಚಿಹ್ನೆ: ಐದಕ್ಕೆ ನಾಲ್ಕು

ನಾಲ್ಕು ವರ್ಷಗಳಿಂದ ಕ್ಲೋಜರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯುತ್ತಿದ್ದೇನೆ. ಇಡೀ ಭಾಷೆಯನ್ನು ಇಲ್ಲಿ ತೂಗುವುದಿಲ್ಲ. ಹೌದು, ಇಲ್ಲ ಎಂದಷ್ಟೇ ಉತ್ತರಿಸುವ ಫಂಕ್ಷನ್‌ಗಳಿಗೆ, ಅಂದರೆ ಪ್ರೆಡಿಕೇಟ್‌ಗಳಿಗೆ, ಅದು ಹೆಸರಿಡುವ ಬಗೆಯಷ್ಟೇ ನನ್ನ ವಿಷಯ.

ನಾನು ಜಾವಾ ಭಾಷೆಯಿಂದ ಬಂದವನು. ಅಲ್ಲಿ ಪಟ್ಟಿ ಖಾಲಿಯೇ ಎಂದು ಕೇಳಲು 'ಈಸ್‌ಎಂಪ್ಟಿ' ಎನ್ನಬೇಕಿತ್ತು. ಕ್ಲೋಜರ್ ಸ್ಕೀಮ್ ಎಂಬ ಭಾಷೆಯ ರೂಢಿ ಹಿಡಿದು ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇಡುತ್ತದೆ: 'ಎಂಪ್ಟಿ?', 'ಈವನ್?', 'ನಿಲ್?' (ನಿಲ್ ಎಂದರೆ ಮೌಲ್ಯವೇ ಇಲ್ಲ). ಕನ್ನಡಿಗನಿಗೆ ಇದು ಸಲೀಸು. 'ಖಾಲಿ'ಯನ್ನು 'ಖಾಲಿಯೇ?' ಎಂದು ಕೇಳುವಾಗ ನಾವೂ ಪದದ ಬಾಲಕ್ಕೇ ಕೈ ಹಾಕುತ್ತೇವೆ. 'ಈಸ್' ಅನ್ನು ತಲೆಗೆ ಹೊರಿಸುವುದು ಇಂಗ್ಲಿಷಿನ ಅಭ್ಯಾಸ. ಕಾಮನ್ ಲಿಸ್ಪ್ ಭಾಷೆ 'ಪಿ' ಅಂಟಿಸಿ 'ಈವನ್‌ಪಿ' ಎನ್ನುತ್ತದೆ. ಹ್ಯಾಸ್ಕೆಲ್ ಭಾಷೆಯ ಹೆಸರುಗಳಲ್ಲಿ ಈ ಚಿಹ್ನೆಗೆ ಜಾಗವೇ ಇಲ್ಲ. ಹಾಗಾಗಿ 'ಈಸ್‌ಜಸ್ಟ್', 'ನಲ್', 'ಈವನ್' ಒಂದೊಂದೂ ಒಂದೊಂದು ದಾರಿ ಹಿಡಿದಿವೆ.

ಚಿಹ್ನೆ ಎಲ್ಲಿ ಇಲ್ಲ ಎಂಬುದೂ ಇಲ್ಲಿ ಮಾಹಿತಿಯೇ. ಎಲ್ಲ ಅಂಶಗಳೂ ಪರೀಕ್ಷೆ ಪಾಸಾಗುತ್ತವೆಯೇ ಎಂದು ನೋಡುವ 'ಎವ್ರಿ?' ಟ್ರೂ (ಹೌದು) ಅಥವಾ ಫಾಲ್ಸ್ (ಇಲ್ಲ) ಕೊಡುತ್ತದೆ. ಯಾವುದಾದರೂ ಒಂದು ಪಾಸಾಗುತ್ತದೆಯೇ ಎಂದು ನೋಡುವ 'ಸಮ್' ಹಾಗಲ್ಲ, ಪರೀಕ್ಷೆಯಲ್ಲಿ ಸಿಕ್ಕ ಮೌಲ್ಯವನ್ನೇ ಮರಳಿಸಬಲ್ಲದು, ಅದಕ್ಕೇ ಬಾಲವಿಲ್ಲ. ಎಷ್ಟು ಚೆನ್ನಾಗಿತ್ತು! 2014ರಲ್ಲಿ 1.6ನೇ ಆವೃತ್ತಿಯೊಡನೆ 'ಸಮ್?' ಎಂಬ ಇನ್ನೊಂದು ಬಂತು. ಅದು ಕೇಳುವುದು 'ನಿಲ್ ಅಲ್ಲ ತಾನೇ?' ಎಂದು ಮಾತ್ರ. ಹೆಸರಿನಲ್ಲಿ ಅವಳಿ, ಕೆಲಸದಲ್ಲಿ ಅಪರಿಚಿತರು.

ನನಗೆ ಪೆಟ್ಟು ಕೊಟ್ಟದ್ದು 'ಕಂಟೇನ್ಸ್?'. ತಡೆಹಿಡಿದ ಖಾತೆಗಳ ಸಂಖ್ಯೆಗಳನ್ನು ವೆಕ್ಟರ್ ಎಂಬ ಸಾಲು ಪಟ್ಟಿಯಲ್ಲಿಟ್ಟು, ಬಂದ ಖಾತೆ ಅದರಲ್ಲಿದೆಯೇ ಎಂದು ಇದರಿಂದ ಕೇಳುತ್ತಿದ್ದೆ. ಪರೀಕ್ಷೆಗೆ 1, 2, 3 ಎಂಬ ಪಟ್ಟಿ ಕೊಟ್ಟು 1 ಮತ್ತು 2 ಇವೆಯೇ ಎಂದೆ, ಟ್ರೂ. 9? ಫಾಲ್ಸ್. ಎಲ್ಲ ಹಸಿರು, ಅಂದರೆ ಪಾಸು. ನಿಜವಾದ ಬಳಕೆಯಲ್ಲಿ 4501ನೇ ಖಾತೆ ಪಟ್ಟಿಯಲ್ಲಿದ್ದರೂ ರಾಜಾರೋಷವಾಗಿ ಒಳಗೆ ಬಂತು. 'ಕಂಟೇನ್ಸ್?' ಹುಡುಕುವುದು ಕೀಲಿಯನ್ನು. ವೆಕ್ಟರ್‌ಗೆ ಕೀಲಿಯೆಂದರೆ ಸೊನ್ನೆಯಿಂದ ಎಣಿಸುವ ಸ್ಥಾನ. ಮೂರು ಅಂಶಗಳ ಪಟ್ಟಿಯಲ್ಲಿ ಒಂದನೇ, ಎರಡನೇ ಸ್ಥಾನಗಳು ಇದ್ದೇ ಇರುತ್ತವೆ, ನನ್ನ ಪರೀಕ್ಷೆ ಪಾಸಾದದ್ದು ಆ ಪುಣ್ಯದಿಂದ! 3 ಇದೆಯೇ ಎಂದು ಕೇಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ವಿವರಣೆಯಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ, ಓದದವನು ನಾನು. ವೆಕ್ಟರ್ ಬದಲು ಸೆಟ್ (ಅಂಶಗಳ ಗುಂಪು) ಬಳಸಿದ ಮೇಲೆ ಸರಿಹೋಯಿತು, ಏಕೆಂದರೆ ಸೆಟ್‌ನಲ್ಲಿ ಅಂಶವೇ ಕೀಲಿ.

ಹೀಗಾಗಿ ಐದಕ್ಕೆ ನಾಲ್ಕು. 'ಕಂಟೇನ್ಸ್-ಕೀ?' ಎಂದು ಹೆಸರಿಟ್ಟಿದ್ದರೆ ಉಳಿದ ಒಂದನ್ನೂ ಕೊಟ್ಟುಬಿಡುತ್ತಿದ್ದೆ.