ಕುದುರೆಮುಖದ ಮೇಲೆ ಟೆಂಟ್ ಹಾಕಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ

ಮೊದಲು ಇದನ್ನು ಓದಿಕೊಳ್ಳಿ, ಉಳಿದದ್ದು ಆಮೇಲೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಚಾರಣಿಗರು ರಾತ್ರಿ ಉಳಿಯುವಂತಿಲ್ಲ. ಟೆಂಟ್ ಹಾಕುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿದು ಬರಬೇಕು. ‘ಮೂರು ರಾತ್ರಿ, ನಾಲ್ಕು ಹಗಲು, ಶಿಖರದ ಮಗ್ಗುಲಲ್ಲೇ ಶಿಬಿರ’ ಎಂದು ಯಾರಾದರೂ ಹಣ ಕೇಳಿದರೆ ಅದು ಸುಳ್ಳು. ಹೇಳುವವನು ನಿಮ್ಮ ಊರಿನವನೇ ಆಗಿರಲಿ, ನಿಮ್ಮ ತಮ್ಮನ ಜೊತೆ ಶಾಲೆಗೆ ಹೋದವನೇ ಆಗಿರಲಿ, ಸುಳ್ಳು.

ನಮಗೆ ಈ ಸುಳ್ಳನ್ನು ಮಾರಿದವನು ಶಿವಮೊಗ್ಗದವನೇ. ಅವನ ಹೆಸರು, ಅವನ ತಂಡದ ಹೆಸರು ಇಲ್ಲಿ ಬರೆಯುವುದಿಲ್ಲ. ಅವು ಎಲ್ಲಿರಬೇಕೋ ಅಲ್ಲಿ, ದೂರಿನ ಪ್ರತಿಯಲ್ಲಿ ಇವೆ. ಆದರೆ ಅವನು ಆಡಿದ ಒಂದೊಂದು ಮಾತನ್ನೂ ಬರೆಯುತ್ತೇನೆ, ಏಕೆಂದರೆ ನಿಮ್ಮ ಬಳಿಯೂ ಇದೇ ಮಾತುಗಳು ಬರುತ್ತವೆ.

ತಲೆಗೆ 7,500 ರೂಪಾಯಿ. ಶಿವಮೊಗ್ಗದಿಂದ ಹೋಗಿ ಬರುವ ವಾಹನ, ಊಟ, ಟೆಂಟ್, ಮಲಗುವ ಚೀಲ, ತರಬೇತಿ ಪಡೆದ ಮಾರ್ಗದರ್ಶಿ, ಎಲ್ಲ ಸೇರಿ. ‘6,200 ಅಡಿ ಎತ್ತರದಲ್ಲಿ ನಕ್ಷತ್ರಗಳ ಕೆಳಗೆ ಮೂರು ರಾತ್ರಿ’ ಎಂದು ಜಾಹೀರಾತು. ಎತ್ತರ ಮಾತ್ರ ನಿಜ, ಕುದುರೆಮುಖ ಶಿಖರ ಸುಮಾರು 1,890 ಮೀಟರ್ ಇದೆ. ಮೊದಲ ರಾತ್ರಿ, ಚಾರಣ ಶುರುವಾಗುವ ಹಳ್ಳಿ ಮುಳ್ಳೋಡಿಯ ಮೇಲಿನ ಹುಲ್ಲುಗಾವಲಿನಲ್ಲಿ, ಎರಡನೆಯ ರಾತ್ರಿ ಶಿಖರದ ಹತ್ತಿರ, ಮೂರನೆಯ ರಾತ್ರಿ ಗುಡ್ಡದ ನೆತ್ತಿಯಲ್ಲೇ ನಡೆದು ನೇತ್ರಾವತಿ ಶಿಖರದ ಕಡೆಗೆ. ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ‘ಅರಣ್ಯ ಇಲಾಖೆಯ ಅನುಮತಿ ಸೇರಿದೆ’ ಎಂದಿತ್ತು. ಆ ಒಂದು ಸಾಲನ್ನು ನೋಡಿಯೇ ನಾವು ಒಪ್ಪಿದ್ದು. ಆ ಒಂದು ಸಾಲೇ ಸುಳ್ಳು.

ಅನುಮತಿ ಪತ್ರದ ಪ್ರತಿ ಕಳಿಸಿ ಎಂದು ನಾನು ಕೇಳಿದ್ದೆ. ಕೇಳಲಿಲ್ಲ ಎಂದು ಯಾರೂ ಹೇಳಬೇಡಿ, ಸಂದೇಶ ಇನ್ನೂ ನನ್ನ ಮೊಬೈಲಿನಲ್ಲಿ ಇದೆ. ಅವನ ಉತ್ತರ: “ಮೇಡಂ, ಅದು ಗುಂಪಿನ ಅನುಮತಿ, ನನ್ನ ಹೆಸರಿನಲ್ಲಿರುತ್ತದೆ. ರೇಂಜರ್ ನಮಗೆ ಪರಿಚಯ. ನೀವು ಮಲೆನಾಡಿನವರು, ಬೆಂಗಳೂರಿನವರ ಹಾಗೆ ಭಯಪಡುತ್ತೀರಲ್ಲ!” ನಮ್ಮ ಊರಿನ ಹುಡುಗ, ಗುಡ್ಡ ಬಲ್ಲವನು, ಇಲಾಖೆಯವರ ಜೊತೆ ಒಡನಾಟ ಇದ್ದರೂ ಇರಬಹುದು. ಹಾಗೆ ಅನ್ನಿಸುವಂತೆಯೇ ಅವನು ಮಾತನಾಡುವುದು. ಹಣವನ್ನು ತಂಡದ ಖಾತೆಗಲ್ಲ, ಅವನ ಸ್ವಂತ ಸಂಖ್ಯೆಗೆ ಯುಪಿಐ ಮೂಲಕ ಹಾಕಿಸಿಕೊಂಡ. ರಸೀದಿ ‘ಹೊರಡುವ ದಿನ ಕೊಡುತ್ತೇನೆ’ ಎಂದ. ರಸೀದಿ ಇವತ್ತಿಗೂ ಬಂದಿಲ್ಲ.

ನಾನು, ನನ್ನ ಯಜಮಾನರು, ಮಗಳು ಮಾತ್ರ ಹೋಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನಮ್ಮ ಕಾಲೇಜಿನ ಸಹೋದ್ಯೋಗಿಗಳು ನನ್ನ ಮಾತಿನ ಮೇಲೆ ಬಂದಿದ್ದರು. ಒಬ್ಬರು ಮುಂದಿನ ವರ್ಷ ನಿವೃತ್ತರಾಗುವವರು, ಮಂಡಿ ಗಟ್ಟಿ ಇರುವಾಗಲೇ ಒಮ್ಮೆ ಕುದುರೆಮುಖ ಹತ್ತಬೇಕು ಎಂದು ತಿಂಗಳುಗಟ್ಟಲೆ ನಡಿಗೆ ಅಭ್ಯಾಸ ಮಾಡಿದವರು. ಅವರು ಹೊಸ ಬೂಟು ಕೊಂಡಿದ್ದರು. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಡಿಸೆಂಬರ್ ಕೊನೆಯ ವಾರದ ರಜೆ. ತೀರ್ಥಹಳ್ಳಿ, ಕೊಪ್ಪ ದಾಟಿ ಕಳಸಕ್ಕೆ ಹೋದೆವು. ಕಳಸದಲ್ಲಿ ಕಾಯುತ್ತೇನೆ ಎಂದಿದ್ದವನು ಅಲ್ಲಿ ಇರಲಿಲ್ಲ. ಒಬ್ಬ ಎಳೆಯ ಹುಡುಗ ನಿಂತಿದ್ದ. ಅವನೇ ‘ತರಬೇತಿ ಪಡೆದ ಮಾರ್ಗದರ್ಶಿ’. ಕೇಳಿದರೆ ಕುದುರೆಮುಖಕ್ಕೆ ಅವನು ಬರುತ್ತಿರುವುದೇ ಮೊದಲ ಸಲ, ದಾರಿ ಮೊಬೈಲಿನಲ್ಲಿ ಇದೆಯಂತೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿ ಎಂದರೆ ಒಂದು ಬ್ಯಾಂಡೇಜ್ ಪೊಟ್ಟಣ ತೋರಿಸಿದ. ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪಿನಲ್ಲೇ ಹೋಗಬೇಕು, ಆ ರಸ್ತೆ ಬೇರೆ ವಾಹನಕ್ಕೆ ಆಗುವುದಿಲ್ಲ. ಜೀಪಿನ ಬಾಡಿಗೆ ಪ್ಯಾಕೇಜಿನಲ್ಲಿ ಇಲ್ಲ ಎಂದು ಅಲ್ಲಿ ತಿಳಿಯಿತು, ಕೊಟ್ಟೆವು.

ಆಮೇಲೆ ಅರಣ್ಯ ಇಲಾಖೆಯ ತಪಾಸಣಾ ಕೇಂದ್ರ.

ಅಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಮುಂದೆ ಮಂಗಳೂರಿನ ಹುಡುಗರ ಒಂದು ಗುಂಪು ಮರುದಿನದ ಚಾರಣದ ಬಗ್ಗೆ ವಿಚಾರಿಸುತ್ತ ನಿಂತಿತ್ತು. ಒಬ್ಬೊಬ್ಬರ ಕೈಯಲ್ಲೂ ತಮ್ಮ ತಮ್ಮ ಹೆಸರಿನ ಟಿಕೆಟ್, ಜೊತೆಗೆ ಆಧಾರ್ ಕಾರ್ಡ್. ಅದನ್ನು ನೋಡಿದಾಗಲೇ ನನ್ನ ಎದೆ ಧಸಕ್ಕೆಂದಿತು. ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಮಾರ್ಗದರ್ಶಿ ಹುಡುಗ ತನ್ನ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಅರಣ್ಯ ರಕ್ಷಕ ಅದನ್ನು ದೊಡ್ಡದು ಮಾಡಿ ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಅದನ್ನು ನೋಡಿದರು. “ಇದು ಹೋದ ತಿಂಗಳ ಟಿಕೆಟ್. ಈ ಹೆಸರುಗಳು ನಿಮ್ಮವಾ?” ನಮ್ಮವಲ್ಲ. ಯಾರ ಹೆಸರುಗಳೋ. ನಾನು, ನಮ್ಮದು ಗುಂಪಿನ ಅನುಮತಿ, ಮೇಲೆ ಮೂರು ರಾತ್ರಿ ಶಿಬಿರ ಇದೆ ಎಂದೆ. ನನ್ನ ಬಾಯಿಂದಲೇ ಆ ಮಾತು ಬಂತು. ಆ ರಕ್ಷಕ ನಗಲಿಲ್ಲ, ಗದರಿಸಲೂ ಇಲ್ಲ. ಅದಕ್ಕೆ ಅವರಿಗೆ ನಾನು ಋಣಿ. ಮೆಲ್ಲಗೆ ಹೇಳಿದರು: “ಅಕ್ಕಾ, ಗುಂಪಿನ ಅನುಮತಿ ಅಂತ ಒಂದು ಇಲ್ಲವೇ ಇಲ್ಲ. ಮೇಲೆ ಟೆಂಟಿಗೆ ಯಾರಿಗೂ ಬಿಡುವುದಿಲ್ಲ. ಇದು ನ್ಯಾಷನಲ್ ಪಾರ್ಕ್. ನಿಮಗೆ ಯಾರು ಹೀಗೆ ಹೇಳಿದ್ದು?”

ನನ್ನ ಹಿಂದೆ ನಮ್ಮ ಸಹೋದ್ಯೋಗಿಗಳೆಲ್ಲ ಬೆನ್ನಿಗೆ ಚೀಲ ಹಾಕಿಕೊಂಡು ನಿಂತಿದ್ದರು. ಯಾರೂ ಮಾತನಾಡಲಿಲ್ಲ. ಮಗಳು ನನ್ನ ತೋಳು ಹಿಡಿದುಕೊಂಡಳು. ಆ ಮಂಗಳೂರಿನ ಹುಡುಗರು ನಮ್ಮನ್ನು ನೋಡುತ್ತಿದ್ದರು, ಅಯ್ಯೋ ಪಾಪ ಎನ್ನುವ ನೋಟ. ಐವತ್ತು ದಾಟಿದ ಮೇಲೆ, ಮೇಷ್ಟ್ರು ಎಂದು ಕರೆಸಿಕೊಂಡು ಬದುಕಿದ ಮೇಲೆ, ಬೇರೆಯವರ ಟಿಕೆಟ್ ಇಟ್ಟುಕೊಂಡು ಕಾಡಿಗೆ ನುಗ್ಗಲು ಬಂದವಳಂತೆ ನಿಲ್ಲುವುದು ಏನೆಂದು ನಿಂತವರಿಗೇ ಗೊತ್ತು.

1987ರಲ್ಲೇ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದು ಅಪರಾಧ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಜನ ಸಾವಿರಗಟ್ಟಲೆ ನುಗ್ಗಿದ ಮೇಲೆ ಚಾರಣಕ್ಕೆಲ್ಲ ಆನ್‌ಲೈನ್ ಟಿಕೆಟ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಇದೆಲ್ಲ ಚಾರಣವನ್ನೇ ಕಸುಬು ಮಾಡಿಕೊಂಡವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಮಾರಿದ್ದು. ಹೋದ ತಿಂಗಳ ಟಿಕೆಟನ್ನು ಮೊಬೈಲಿನಲ್ಲಿ ಇಟ್ಟು ಕಳಿಸಿದವನಿಗೆ ಗೊತ್ತಿರಲಿಲ್ಲ ಎಂದು ಯಾರೂ ನಂಬಿಸಬೇಡಿ.

ಮರುದಿನದ ಟಿಕೆಟ್ ಆದರೂ ಸಿಗುತ್ತದೆಯೇ ಎಂದು ನೋಡಿದರೆ ರಜೆಯ ವಾರ, ಎಲ್ಲ ಮುಗಿದಿತ್ತು.

ಆ ರಾತ್ರಿ ನಮ್ಮ ‘ಎತ್ತರದ ಶಿಬಿರ’ ಒಂದು ಮನೆಯ ಕಾಫಿ ಕಣದ ಮೂಲೆಯಲ್ಲಿ ಆಯಿತು. ಕೊಯ್ಲಿನ ಕಾಲ, ಕಣದ ತುಂಬ ಕಾಫಿ ಹಣ್ಣು ಒಣಗಲು ಹರಡಿತ್ತು. ಮನೆಯವರು ಪಾಪ, ಅದನ್ನು ಒಂದು ಕಡೆಗೆ ಗೋರಿ ನಮಗೆ ಜಾಗ ಮಾಡಿಕೊಟ್ಟರು. ಅವರಿಗೂ ಇವನು ಮುಂಗಡ ಕೊಟ್ಟಿರಲಿಲ್ಲ. “ಅಮ್ಮಾ, ನಿಮ್ಮವರು ಒಂದು ರಾತ್ರಿಗೆ ಊಟ ಅಂತ ಫೋನ್ ಮಾಡಿದ್ದರು, ಅಷ್ಟೇ. ದುಡ್ಡು ನೀವು ಕೊಡುತ್ತೀರಿ ಅಂದರು” ಎಂದು ಆ ಮನೆಯ ಯಜಮಾನರು ಸಂಕೋಚದಿಂದ ಹೇಳಿದರು. ಅಂದರೆ ಮೂರು ರಾತ್ರಿಯ ಯೋಜನೆ ಎಲ್ಲೂ ಇರಲೇ ಇಲ್ಲ. ಒಂದು ರಾತ್ರಿ ಕಣದಲ್ಲಿ ಮಲಗಿಸುವುದು, ಬೆಳಿಗ್ಗೆ ಏನಾದರೂ ಹೇಳುವುದು. ಮೊದಲಿನಿಂದಲೂ ಅವನ ಲೆಕ್ಕ ಇದೇ. ಆ ಮನೆಯವರ ನೀರುದೋಸೆ, ಬಿಸಿ ಸಾರು ಇಲ್ಲದಿದ್ದರೆ ಹಸಿದುಕೊಂಡೇ ಮಲಗಬೇಕಿತ್ತು. ಅವರ ಹಣವನ್ನು ನಾವೇ ಕೊಟ್ಟೆವು, ಅದರಲ್ಲಿ ನನಗೆ ಬೇಸರವಿಲ್ಲ.

ಟೆಂಟುಗಳ ಜಿಪ್ ಕಿತ್ತುಹೋಗಿತ್ತು. ಮಲಗುವ ಚೀಲ ತೆಳ್ಳಗಿನ ರಗ್ಗಿನಷ್ಟೂ ಬೆಚ್ಚಗಿರಲಿಲ್ಲ. ಮಂಜು ಬಿದ್ದು ಬಟ್ಟೆಯೆಲ್ಲ ತೊಯ್ದು ರಾತ್ರಿಯಿಡೀ ಹಲ್ಲು ಕಡಿಯುತ್ತ ಕುಳಿತೆವು.

ಇದಕ್ಕಿಂತ ಕೆಟ್ಟದ್ದು ಬೆಳಗಿನ ಜಾವ ಆಯಿತು. ಹುಡುಗ ಬಂದು ಎಬ್ಬಿಸಿದ. “ಅಣ್ಣ ಹೇಳಿದ್ದಾರೆ, ಕತ್ತಲಿದ್ದಾಗಲೇ ಎಸ್ಟೇಟ್ ಒಳಗಿನಿಂದ ಹೋದರೆ ಗೇಟ್ ತಪ್ಪಿಸಿ ಮೇಲೆ ಹತ್ತಬಹುದು.” ಕತ್ತಲಲ್ಲಿ, ದಾರಿ ಗೊತ್ತಿಲ್ಲದವನ ಹಿಂದೆ, ಕಾಟಿ, ಅಂದರೆ ಕಾಡುಕೋಣ, ಓಡಾಡುವ ಕಾಡಿನಲ್ಲಿ! ಸಿಕ್ಕಿಬಿದ್ದರೆ ಪ್ರಕರಣ ಯಾರ ಮೇಲೆ? ಶಿವಮೊಗ್ಗದಲ್ಲಿ ಹೊದ್ದು ಮಲಗಿರುವವನ ಮೇಲೆ ಅಲ್ಲ, ನಮ್ಮ ಮೇಲೆ. ಸರ್ಕಾರಿ ಕೆಲಸದಲ್ಲಿರುವವರ ಮೇಲೆ. ನನ್ನ ಯಜಮಾನರು ಸಿಟ್ಟು ಮಾಡುವವರಲ್ಲ. ಅವತ್ತು ಆ ಹುಡುಗನನ್ನು ಬೈದರು. ಹುಡುಗ ಅಳುಮುಖ ಮಾಡಿಕೊಂಡ, ಅವನಿಗೂ ಸಂಬಳ ಬಾಕಿ ಇತ್ತಂತೆ.

ಇನ್ನೊಂದು ವಿಷಯ. ನಾವು ಶಿವಮೊಗ್ಗ ಜಿಲ್ಲೆಯವರು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳು ಕಚ್ಚಿ ಹರಡುವ ಜ್ವರ ಅದು. ಮಳೆ ನಿಂತು ಕಾಡು ಒಣಗುವ ಈ ತಿಂಗಳುಗಳಲ್ಲೇ, ಬೇಸಿಗೆ ಮುಗಿಯುವವರೆಗೆ, ಅದರ ಹಾವಳಿ. ಕಾಡಿಗೆ ಸೊಪ್ಪು ತರಲು ಹೋಗುವವರಿಗೆ ಆರೋಗ್ಯ ಇಲಾಖೆ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲ ಹಂಚುತ್ತದೆ. ಇದೇ ತಿಂಗಳುಗಳಲ್ಲಿ ಜನರನ್ನು ಕಾಡಿನ ನೆಲದ ಮೇಲೆ ಮಲಗಿಸುತ್ತೇನೆ ಎಂದು ಹಣ ಪಡೆದವನು ಉಣುಗಿನ ಬಗ್ಗೆ ಒಂದು ಮಾತು ಹೇಳಲಿಲ್ಲ. ಸಾಮಾನಿನ ಪಟ್ಟಿಯಲ್ಲಿ ತಂಪು ಕನ್ನಡಕ ಇತ್ತು, ಬಿಸಿಲಿಗೆ ಹಚ್ಚುವ ಕ್ರೀಮ್ ಇತ್ತು. ಉದ್ದ ತೋಳಿನ ಅಂಗಿ, ಮುಲಾಮು, ಸಂಜೆ ಮೈ ನೋಡಿಕೊಳ್ಳುವುದು, ಒಂದೂ ಇರಲಿಲ್ಲ. ಮಲೆನಾಡಿನವನು ಎಂದು ಎದೆ ತಟ್ಟಿಕೊಳ್ಳುವವನಿಗೆ ಇಷ್ಟೂ ತೋಚಬೇಡವೇ?

ಬೆಳಿಗ್ಗೆ ನೆಟ್‌ವರ್ಕ್ ಸಿಗುವ ಕಡೆ ಇಳಿದು ಬಂದು ಅವನಿಗೆ ಕರೆ ಮಾಡಿದೆ. ಮೊದಲ ಉತ್ತರ: “ಮೇಡಂ, ನಿಯಮ ನಿನ್ನೆಯಷ್ಟೇ ಬದಲಾಗಿದೆ.” ಯಾವ ನಿಯಮ, ಆದೇಶ ಕಳಿಸಿ ಎಂದೆ. ಕಳಿಸಲಿಲ್ಲ. ಎರಡನೆಯ ಉತ್ತರ: “ಹುಡುಗ ತಪ್ಪು ಟಿಕೆಟ್ ತೋರಿಸಿದ್ದಾನೆ.” ಹಾಗಾದರೆ ಸರಿಯಾದದ್ದು ಕಳಿಸಿ ಎಂದೆ. ಕರೆ ಕಡಿದ. ಮಧ್ಯಾಹ್ನ ಸಂದೇಶ ಬಂತು, ಬದಲಿ ಕಾರ್ಯಕ್ರಮವಂತೆ: ಕಳಸೇಶ್ವರ ದೇವಸ್ಥಾನ, ಅಂಬಾತೀರ್ಥ, ಸಂಸೆಯ ಚಹಾ ತೋಟದಲ್ಲಿ ಫೋಟೋ. ಕಳಸೇಶ್ವರನ ದರ್ಶನಕ್ಕೆ ನಮಗೆ ಇವನ 7,500 ರೂಪಾಯಿಯ ಪ್ಯಾಕೇಜ್ ಬೇಕೇ? ಬಸ್ ಹತ್ತಿದರೆ ಹೋಗಿ ಬರಬಹುದು. ಅವತ್ತೇ ಊರಿಗೆ ವಾಪಸ್ ಬಂದೆವು.

ಹಣ ವಾಪಸ್ ಕೇಳಿದ ಮೇಲಿನ ಮಾತುಗಳನ್ನು ಹಾಗೆ ಹಾಗೇ ಕೊಡುತ್ತೇನೆ.

“ಷರತ್ತು ಓದಿ ಮೇಡಂ, ಪ್ರಕೃತಿ ಅಥವಾ ಸರ್ಕಾರದ ಕಾರಣಕ್ಕೆ ಕಾರ್ಯಕ್ರಮ ಬದಲಾದರೆ ಹಣ ವಾಪಸ್ ಇಲ್ಲ.” ಅನುಮತಿ ಪಡೆಯದೇ ಇರುವುದು ಸರ್ಕಾರದ ಕಾರಣವೇ?

“ನಿಮಗೆ ಅನುಭವ ಸಿಕ್ಕಿದೆಯಲ್ಲ, ಟೆಂಟಿನಲ್ಲಿ ಮಲಗಿದ್ದೀರಲ್ಲ.”

“ಮುಂದಿನ ಚಾರಣಕ್ಕೆ ಅರ್ಧ ರಿಯಾಯಿತಿ ಕೊಡುತ್ತೇನೆ.”

“ನಿಮ್ಮಂಥವರಿಂದಲೇ ನಮ್ಮ ಊರಿನ ಹುಡುಗರು ಮೇಲೆ ಬರುವುದಿಲ್ಲ. ಬೆಂಗಳೂರಿನ ಕಂಪನಿಗೆ ಕೊಟ್ಟಿದ್ದರೆ ಸುಮ್ಮನಿರುತ್ತಿದ್ದಿರಿ.” ಈ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಊರಿನ ಹೆಸರು ಹೇಳಿ ಹಣ ಪಡೆದು, ಊರಿನ ಹೆಸರು ಹೇಳಿಯೇ ಬಾಯಿ ಮುಚ್ಚಿಸುವುದು. ಊರಿನ ಹುಡುಗ ಎಂದೇ ಅಲ್ಲವೇ ನಾವು ಅವನ ಬಳಿ ಹೋದದ್ದು!

ಕೊನೆಗೆ, ಬೇರೆಯವರಿಗೆ ಹೇಳಿದರೆ ಮಾನನಷ್ಟ ಮೊಕದ್ದಮೆ ಹಾಕುತ್ತೇನೆ ಎಂದ. ಆ ಸಂದೇಶವನ್ನೂ ದೂರಿನ ಜೊತೆ ಲಗತ್ತಿಸಿದ್ದೇನೆ.

ಜಾಹೀರಾತಿನ ಫೋಟೋವನ್ನು ಮನೆಗೆ ಬಂದ ಮೇಲೆ ಮಗಳು ದೊಡ್ಡದು ಮಾಡಿ ತೋರಿಸಿದಳು. ಹುಲ್ಲುಗಾವಲು, ಸಾಲಾಗಿ ಹಳದಿ ಟೆಂಟುಗಳು, ಹಿಂದೆ ದೇವದಾರು ಮರಗಳು. ನಮ್ಮ ಶೋಲಾ ಕಾಡಿನಲ್ಲಿ ದೇವದಾರು ಎಲ್ಲಿಂದ ಬರಬೇಕು? ಹಿಮಾಲಯದ ಯಾವುದೋ ಶಿಬಿರದ ಚಿತ್ರವನ್ನು ತಂದು ಕುದುರೆಮುಖ ಎಂದು ಹಾಕಿದ್ದಾನೆ.

ಹೋಗುವವರು ಹೋಗಿ, ಕುದುರೆಮುಖ ನೋಡಲೇಬೇಕಾದ ಗುಡ್ಡ. ಆದರೆ ಟಿಕೆಟನ್ನು ಅರಣ್ಯ ಇಲಾಖೆಯ ಆನ್‌ಲೈನ್ ತಾಣದಲ್ಲಿ ನಿಮ್ಮ ಹೆಸರಿನಲ್ಲೇ, ನಿಮ್ಮ ಗುರುತಿನ ಚೀಟಿ ಕೊಟ್ಟು ನೀವೇ ಮಾಡಿಸಿ. ರಾತ್ರಿ ಮುಳ್ಳೋಡಿ, ಸಂಸೆಯ ಕಡೆಯ ಹೋಂಸ್ಟೇಯಲ್ಲಿ ಉಳಿಯಿರಿ, ಹಣವನ್ನು ನೇರವಾಗಿ ಆ ಮನೆಯವರ ಕೈಗೆ ಕೊಡಿ. ಕೊಡಚಾದ್ರಿ ಇರಲಿ, ಕುಮಾರಪರ್ವತ ಇರಲಿ, ಅಭಯಾರಣ್ಯದೊಳಗೆ ಟೆಂಟ್ ಎಂದವರಿಗೆ ಮುಂಗಡ ಕೊಡುವ ಮೊದಲು ಅಲ್ಲಿನ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಒಂದು ಕರೆ ಮಾಡಿ. ಪರಿಚಯ ಇದೆ ಎನ್ನುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಹಣ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರು ಇಲ್ಲದೆಯೂ ವಾದ ಮಾಡಬಹುದು. ಆ ತಪಾಸಣಾ ಕೇಂದ್ರದಲ್ಲಿ ತೋರಿಸಿದ ಹಳೆಯ ಟಿಕೆಟಿನಲ್ಲಿ ಯಾರದೋ ಹೆಸರುಗಳಿದ್ದವು ಎಂದೆನಲ್ಲ, ಅವರೂ ಇವನ ಬಳಿ ಹಣ ಕಟ್ಟಿ ಹೋದವರೇ ಇರಬೇಕು. ಹೋದ ನವೆಂಬರಿನಲ್ಲಿ ಶಿವಮೊಗ್ಗದಿಂದ ಇಂಥದೇ ಪ್ಯಾಕೇಜಿನಲ್ಲಿ ಹೋದವರು ಇದನ್ನು ಓದುತ್ತಿದ್ದರೆ ಹಣ ಕಟ್ಟಿದ ದಾಖಲೆ, ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ನನಗೆ ತಿಳಿಸಿ. ದೂರನ್ನು ಒಟ್ಟಿಗೇ ಕೊಡೋಣ.