ಅಗ್ಗದ ಆನ್‌ಲೈನ್ ಎಂಬಿಎ: ಮುಗಿಸಿ ಕೆಲವು ವರ್ಷಗಳಾದ ಮೇಲೆ ಬರೆದ ವಿಮರ್ಶೆ

ಇಂಥ ಕೋರ್ಸುಗಳ ವಿಮರ್ಶೆಗಳನ್ನು ಜನ ಸಾಮಾನ್ಯವಾಗಿ ಎರಡು ಹೊತ್ತಿನಲ್ಲಿ ಬರೆಯುತ್ತಾರೆ. ಸೇರಿದ ಮೊದಲ ತಿಂಗಳು, ಇಲ್ಲವೇ ಪದವಿ ಕೈಗೆ ಬಂದ ವಾರ. ಎರಡೂ ಖುಷಿಯ ಹೊತ್ತು, ಹಾಗಾಗಿ ಐದಕ್ಕೆ ಐದು ಸ್ಟಾರ್ ಸುಲಭವಾಗಿ ಬೀಳುತ್ತದೆ. ನಾನು ಕೆಲಸ ಮಾಡಿಕೊಂಡೇ ಆನ್‌ಲೈನ್‌ನಲ್ಲಿ ಎಂಬಿಎ ಮಾಡಿದೆ. ದೊಡ್ಡ ಹೆಸರಿನ ಕಾಲೇಜುಗಳು ಕೇಳುವ ಶುಲ್ಕದಲ್ಲಿ ಒಂದು ಸಣ್ಣ ಪಾಲು ಕಟ್ಟಿದೆ ಅಷ್ಟೇ. ಮುಗಿದು ಕೆಲವು ವರ್ಷಗಳಾಗಿವೆ, ಏನು ಉಳಿಯಿತು ಏನು ಉಳಿಯಲಿಲ್ಲ ಅಂತ ಈಗ ಹೇಳಬಹುದು. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಇಲ್ಲಿ ಬರೆದಿರುವುದು ಬಹುಮಟ್ಟಿಗೆ ಈ ಮಟ್ಟದ ಎಲ್ಲ ಕೋರ್ಸುಗಳಿಗೂ ಹೊಂದುತ್ತದೆ.

ಮೊದಲಿಗೆ ಮುಖ್ಯ ವಿಷಯ. ಶುಲ್ಕ ಕಡಿಮೆ ಅಂದರೆ ಪಾಠ ಕಳಪೆ ಇರುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಪಾಠ ಚೆನ್ನಾಗಿಯೇ ಇತ್ತು. ವಿಡಿಯೊ ಒಮ್ಮೆ ಮಾಡಿಟ್ಟರೆ ನೂರು ಜನ ನೋಡಲಿ, ಲಕ್ಷ ಜನ ನೋಡಲಿ, ಖರ್ಚು ಹೆಚ್ಚುಕಮ್ಮಿ ಅಷ್ಟೇ. ಆದರೆ ಅಷ್ಟೂ ಜನ ಬರೆದ ಉತ್ತರಗಳನ್ನು ಕೂತು ಓದಿ, ಎಲ್ಲಿ ಲೆಕ್ಕ ತಪ್ಪಿದೆ, ಎಲ್ಲಿ ವಾದ ನಿಲ್ಲುವುದಿಲ್ಲ ಅಂತ ಹೇಳಲು ಮನುಷ್ಯರು ಬೇಕು, ಅವರಿಗೆ ಸಂಬಳ ಬೇಕು, ವಿದ್ಯಾರ್ಥಿಗಳು ಜಾಸ್ತಿ ಆದಷ್ಟೂ ಆ ಖರ್ಚು ಏರುತ್ತಲೇ ಹೋಗುತ್ತದೆ. ಅಗ್ಗದ ಕೋರ್ಸಿನಲ್ಲಿ ಕತ್ತರಿ ಬೀಳುವುದು ಅಲ್ಲಿಗೆ. ನಮ್ಮ ಉತ್ತರವನ್ನು ನಿಜವಾಗಿ ಓದುವವರು ಇರುವುದಿಲ್ಲ.

ಕೆಲವರು ಇದನ್ನು ಮುಚ್ಚಿಡುವುದೂ ಇಲ್ಲ. ಶೈ ರೆಶೆಫ್ 2009ರಲ್ಲಿ ಶುರು ಮಾಡಿದ ಯೂನಿವರ್ಸಿಟಿ ಆಫ್ ದ ಪೀಪಲ್ ಬೋಧನಾ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ, ಅರ್ಜಿಗೆ ಮತ್ತು ಪ್ರತಿ ಕೋರ್ಸಿನ ಮೌಲ್ಯಮಾಪನಕ್ಕೆ ಮಾತ್ರ ದುಡ್ಡು. ಅಲ್ಲಿ ವಿದ್ಯಾರ್ಥಿಗಳು ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ಅಂಕ ಕೊಡುವ ಪದ್ಧತಿ ಬಹಳ ಕಾಲ ಇತ್ತು. ಲೆಕ್ಕ ಸ್ಪಷ್ಟ, ಮೋಸ ಇಲ್ಲ. ನನ್ನ ಕೋರ್ಸಿನ ಜಾಹೀರಾತಿನಲ್ಲಿ ಮಾತ್ರ ‘ಅನುಭವಿ ಪ್ರಾಧ್ಯಾಪಕರ ವೈಯಕ್ತಿಕ ಮಾರ್ಗದರ್ಶನ’ ಅಂತ ಇತ್ತು. ಬಂದದ್ದು ‘ಒಳ್ಳೆಯ ಪ್ರಯತ್ನ, ಇನ್ನಷ್ಟು ಉದಾಹರಣೆ ಸೇರಿಸಿ’ ಅನ್ನುವ ಒಂದು ಸಾಲು. ನನಗೂ ಅದೇ ಸಾಲು, ಜೊತೆಯಲ್ಲಿ ಓದುತ್ತಿದ್ದ ಇನ್ನೊಬ್ಬರಿಗೂ ಅದೇ ಸಾಲು, ಅಕ್ಷರ ಸಹ ಬದಲಾಗಿರಲಿಲ್ಲ.

ಇದರಿಂದ ಒಂದು ವಿಚಿತ್ರ ಆಯಿತು. ಯಾವ ವಿಷಯದಲ್ಲಿ ಉತ್ತರ ಸರಿಯೋ ತಪ್ಪೋ ಅಂತ ನಾವೇ ನೋಡಿಕೊಳ್ಳಬಹುದೋ ಆ ವಿಷಯಗಳು ತುಂಬಾ ಚೆನ್ನಾಗಿ ಬಂದವು. ಅಕೌಂಟಿಂಗ್, ಫೈನಾನ್ಸ್, ಸ್ಟ್ಯಾಟಿಸ್ಟಿಕ್ಸ್. ಬ್ಯಾಲೆನ್ಸ್ ಶೀಟ್ ತಾಳೆ ಆಗದಿದ್ದರೆ ಅದನ್ನು ಹೇಳಲು ಪ್ರಾಧ್ಯಾಪಕರು ಬೇಕಾಗಿಲ್ಲ, ಅದೇ ಹೇಳುತ್ತದೆ. ಎಕ್ಸೆಲ್ ಶೀಟ್ ಎದುರಿಗಿಟ್ಟುಕೊಂಡು ವಿಡಿಯೊ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ಮಾಡಿ ಕಲಿಯುವುದು ತರಗತಿಗಿಂತ ವಾಸಿ ಅಂತಲೇ ನನ್ನ ಅನಿಸಿಕೆ.

ಆಫೀಸಿನಲ್ಲಿ ಇದು ಎಷ್ಟು ಉಪಯೋಗಕ್ಕೆ ಬಂತು ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಒಂದು ವಸ್ತುವಿನ ಬೆಲೆ 50, ಒಂದೊಂದನ್ನೂ ತಯಾರಿಸಲು 30 ಖರ್ಚು, ಬಾಡಿಗೆ ಸಂಬಳ ಎಲ್ಲ ಸೇರಿ ತಿಂಗಳಿಗೆ 60,000 ಅಂತಿಟ್ಟುಕೊಳ್ಳಿ. ಒಂದಕ್ಕೆ 20 ಉಳಿಯುತ್ತದೆ, 3,000 ಮಾರಿದರೆ ಅಸಲು. ಈಗ ಸೇಲ್ಸ್‌ನವರು ಬಂದು ಹತ್ತು ಪರ್ಸೆಂಟ್ ಡಿಸ್ಕೌಂಟ್ ತಾನೇ, ಕೊಟ್ಟುಬಿಡೋಣ ಅನ್ನುತ್ತಾರೆ. ಬೆಲೆ 45 ಆಯಿತು, ಉಳಿಯುವುದು 15, ಅಸಲಿಗೇ 4,000 ಮಾರಬೇಕು. ಹತ್ತು ಪರ್ಸೆಂಟ್ ಬಿಟ್ಟಿದ್ದಕ್ಕೆ ಮೂರನೇ ಒಂದು ಪಾಲು ಜಾಸ್ತಿ ಮಾರಾಟ! ಇದು ದೊಡ್ಡ ವಿದ್ಯೆ ಏನಲ್ಲ, ಶಾಲೆಯ ಗಣಿತ. ಆದರೆ ಮೀಟಿಂಗ್‌ನಲ್ಲಿ ಎಲ್ಲರೂ ಬಾಯಿ ಮಾತಿನಲ್ಲೇ ಡಿಸ್ಕೌಂಟ್ ತೀರ್ಮಾನ ಮಾಡುತ್ತಿರುವಾಗ ಈ ನಾಲ್ಕು ಸಾಲು ಬರೆದು ತೋರಿಸುವವರು ಒಬ್ಬರೂ ಇರುವುದಿಲ್ಲ. ಲಾಭ ಬೇರೆ, ಕೈಗೆ ಬಂದ ಹಣ ಬೇರೆ ಅನ್ನುವುದೂ ಹಾಗೆಯೇ. ಮಾಲು ಸಾಲಕ್ಕೆ ಹೋಗಿರುತ್ತದೆ, ಪುಸ್ತಕದಲ್ಲಿ ಲಾಭ ಕಾಣುತ್ತದೆ, ತಿಂಗಳ ಕೊನೆಗೆ ಸಂಬಳಕ್ಕೆ ದುಡ್ಡಿರುವುದಿಲ್ಲ. ಇದು ತಲೆಯಲ್ಲಿ ಕೂತ ಮೇಲೆ ನಮ್ಮ ಕಂಪನಿಯ ಲೆಕ್ಕಪತ್ರ ನೋಡುವ ಕಣ್ಣೇ ಬದಲಾಯಿತು.

ಸ್ಟ್ರಾಟೆಜಿ, ಲೀಡರ್‌ಶಿಪ್, ಮಾರ್ಕೆಟಿಂಗ್ ಇವೆಲ್ಲ ಉಲ್ಟಾ. ಈ ವಿಷಯಗಳು ಜನ ಎದುರುಬದುರು ಕೂತು ವಾದ ಮಾಡಿದರೆ ಮಾತ್ರ ಹತ್ತುವಂಥವು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1920ರ ದಶಕದಿಂದ ಕೇಸ್ ಪದ್ಧತಿಯನ್ನೇ, ಅಂದರೆ ಒಂದು ಕಂಪನಿಯ ನಿಜವಾದ ಸಮಸ್ಯೆ ಮುಂದಿಟ್ಟು ತರಗತಿಯಲ್ಲಿ ಚರ್ಚಿಸುವುದನ್ನೇ, ಹಿಡಿದುಕೊಂಡು ಬಂದಿರುವುದು ಸುಮ್ನೆ ಅಲ್ಲ. ನೀವು ಒಂದು ತೀರ್ಮಾನ ಹೇಳಿದ ಕೂಡಲೇ ಎದುರಿಗಿರುವವರು ಅದನ್ನು ಕಿತ್ತುಹಾಕಬೇಕು, ಆಗಲೇ ಬುದ್ಧಿ ಚುರುಕಾಗುವುದು. ನಮಗೆ ಇದ್ದದ್ದು ಚರ್ಚಾ ವೇದಿಕೆ. ವಾರಕ್ಕೊಂದು ಪೋಸ್ಟ್, ಇಬ್ಬರಿಗೆ ಉತ್ತರ, ಅದಕ್ಕೆ ಅಂಕ. ಅಂಕ ಇದ್ದ ಮೇಲೆ ಯಾರು ಜಗಳ ಆಡುತ್ತಾರೆ? ‘ತುಂಬಾ ಒಳ್ಳೆಯ ಅಂಶ, ನಾನೂ ಒಪ್ಪುತ್ತೇನೆ’ ಅಂತ ಬರೆದು ಮುಂದೆ ಹೋಗುವುದು. ಮೈಕೆಲ್ ಪೋರ್ಟರ್ 1979ರಲ್ಲಿ ಮುಂದಿಟ್ಟ, ಒಂದು ಉದ್ಯಮದಲ್ಲಿ ಪೈಪೋಟಿ ಎಷ್ಟಿದೆ ಅಂತ ಅಳೆಯುವ ಐದು ಶಕ್ತಿಗಳ ಮಾದರಿಯನ್ನು ಒಂದು ಸಂಜೆಯಲ್ಲಿ ಓದಿ ಬಾಯಿಪಾಠ ಮಾಡಬಹುದು. ಅದನ್ನು ನಮ್ಮದೇ ವ್ಯವಹಾರಕ್ಕೆ ಹಚ್ಚಿ ನೋಡಿ, ಹಚ್ಚಿದ್ದು ಸರಿಯಾ ಅಂತ ತಿಳಿಯಲು ಇನ್ನೊಂದು ತಲೆ ಬೇಕೇ ಬೇಕು. ಈ ವಿಷಯಗಳಲ್ಲಿ ನನಗೆ ಅಂಕ ಜಾಸ್ತಿ ಬಂತು, ಕಲಿತದ್ದು ಕಡಿಮೆ.

ಗ್ರೂಪ್ ಪ್ರಾಜೆಕ್ಟ್ ಬಗ್ಗೆ ಹೇಳಲು ಏನೂ ಇಲ್ಲ. ಎಲ್ಲ ಕಡೆ ಇರುವ ಹಾಗೇ, ಇಬ್ಬರು ಮಾಡುತ್ತಾರೆ, ಐದು ಹೆಸರು ಬೀಳುತ್ತದೆ.

ಕೊನೆಗೆ ನಾನು ಮಾಡಿಕೊಂಡ ಉಪಾಯ ಏನಂದರೆ, ಪ್ರತಿ ಅಸೈನ್‌ಮೆಂಟ್ ಅನ್ನೂ ನಮ್ಮ ಆಫೀಸಿನ ಯಾವುದೋ ನಿಜವಾದ ಸಮಸ್ಯೆಯ ಮೇಲೆ ಬರೆಯುವುದು, ಸಲ್ಲಿಸುವ ಮೊದಲು ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರಿಗೆ ತೋರಿಸುವುದು. ಅವರಿಗೆ ಎಂಬಿಎ ಇಲ್ಲ. ಆದರೆ ಕೋರ್ಸಿನಲ್ಲಿ ಸಿಗದ ಬೈಗುಳ ಅವರಿಂದ ಧಾರಾಳವಾಗಿ ಸಿಕ್ಕಿತು. ‘ಈ ಬಡ್ಡಿ ದರ ಎಲ್ಲಿಂದ ತಂದ್ರಿ? ಇಷ್ಟಕ್ಕೆ ನಮಗೆ ಯಾರು ಸಾಲ ಕೊಡ್ತಾರೆ?’ ಅಂತ ಒಂದೇ ಪ್ರಶ್ನೆಗೆ ನನ್ನ ಇಡೀ ಪ್ರಾಜೆಕ್ಟ್ ವರದಿ ಬಿದ್ದುಹೋಯಿತು. ನಿಮಗೆ ಹೀಗೆ ಕೇಳುವವರು ಯಾರಾದರೂ ಹತ್ತಿರದಲ್ಲಿದ್ದರೆ ಅಗ್ಗದ ಕೋರ್ಸಿನಿಂದ ಸಿಗುವ ಉಪಯೋಗ ಎರಡರಷ್ಟಾಗುತ್ತದೆ. ಇಲ್ಲದಿದ್ದರೆ, ಓದಿ ಪಾಸಾಗುತ್ತೀರಿ ಅಷ್ಟೇ.

ಇನ್ನು ಸಮಯ. ಶುಲ್ಕ ಅಗ್ಗ, ಸಮಯ ಅಗ್ಗವಲ್ಲ, ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಓದಿನ ಹೊರೆಯನ್ನು ಕ್ರೆಡಿಟ್‌ಗಳಲ್ಲಿ ಅಳೆಯುವ ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಓದು. 90 ಕ್ರೆಡಿಟ್ ಇರುವ ಸ್ನಾತಕೋತ್ತರ ಪದವಿಗೆ 2,250ರಿಂದ 2,700 ಗಂಟೆ ಆಯಿತು. ವಾರಕ್ಕೆ 15 ಗಂಟೆ ಕೂತರೂ ಸುಮಾರು ಮೂರು ವರ್ಷ. ಕೆಲಸ, ಮನೆ, ಮಕ್ಕಳು ಇಟ್ಟುಕೊಂಡು ‘ಒಂದೇ ವರ್ಷದಲ್ಲಿ ಎಂಬಿಎ’ ಅಂತ ಯಾರಾದರೂ ಹೇಳಿದರೆ, ಅಷ್ಟು ಗಂಟೆ ಎಲ್ಲಿಂದ ಬರುತ್ತದೆ ಅಂತ ಕೇಳಿ. ಒಂದೋ ನಿದ್ದೆಯಿಂದ ಬರುತ್ತದೆ, ಇಲ್ಲ ಕೋರ್ಸಿನಲ್ಲಿ ಅಷ್ಟು ಓದು ಇರುವುದೇ ಇಲ್ಲ. ಶುಲ್ಕ ಎಷ್ಟು ಅಂತ ಮಾತ್ರ ನೋಡುವವರು ನಿಮ್ಮ ಒಂದು ಗಂಟೆಗೆ ಒಂದು ಬೆಲೆ ಹಾಕಿ ಗುಣಿಸಿ ನೋಡಿ, ಶುಲ್ಕವೇ ಸಣ್ಣ ಭಾಗ ಅಂತ ಗೊತ್ತಾಗುತ್ತದೆ.

ಕೆಲಸಕ್ಕೆ ಏನು ಉಪಯೋಗ ಆಯಿತು ಅಂತ ಎಲ್ಲರೂ ಕೇಳುತ್ತಾರೆ. ಮೈಕೆಲ್ ಸ್ಪೆನ್ಸ್ ಅನ್ನುವ ಅರ್ಥಶಾಸ್ತ್ರಜ್ಞರು 1973ರಲ್ಲಿ ಒಂದು ವಾದ ಮುಂದಿಟ್ಟರು, ಅಂಥ ಕೆಲಸಕ್ಕೇ 2001ರಲ್ಲಿ ನೊಬೆಲ್ ಹಂಚಿಕೊಂಡರು. ಪದವಿ ಏನು ಕಲಿಸಿತು ಅನ್ನುವುದು ಒಂದು ಕಡೆ ಇರಲಿ, ಅದನ್ನು ಪಡೆದವರು ಎಂಥವರು ಅಂತ ಕೆಲಸ ಕೊಡುವವರಿಗೆ ಅದೊಂದು ಸೂಚನೆ ಕೊಡುತ್ತದೆ ಅಂತ. ಹೆಸರಾಂತ ಕಾಲೇಜಿನಲ್ಲಿ ಆ ಸೂಚನೆ ಬಹುಪಾಲು ಪ್ರವೇಶದಲ್ಲೇ ಬರುತ್ತದೆ, ಸೀಟು ಸಿಕ್ಕಿತು ಅಂದರೇ ಸಾಕು. ಅಗ್ಗದ ಆನ್‌ಲೈನ್ ಕೋರ್ಸು ಅರ್ಹತೆ ಇದ್ದವರನ್ನೆಲ್ಲ ಸೇರಿಸಿಕೊಳ್ಳುತ್ತದೆ, ಅಲ್ಲಿ ಸೇರಿದ್ದಕ್ಕೆ ಬೆಲೆ ಇಲ್ಲ, ಮುಗಿಸಿದ್ದಕ್ಕೆ ಮಾತ್ರ ಇದೆ. ನನಗೆ ಆದದ್ದೂ ಹಾಗೆ. ನನ್ನ ಕೆಲಸ ಮೊದಲೇ ಗೊತ್ತಿದ್ದ ನಮ್ಮ ಮ್ಯಾನೇಜರಿಗೆ ಇದು ಲೆಕ್ಕಕ್ಕೆ ಬಂತು, ಮೇಲಿನ ಹುದ್ದೆಗೆ ಪದವಿ ಬೇಕು ಅನ್ನುವ ನಿಯಮ ದಾಟಿದೆ. ಹೊರಗಿನ ಇಂಟರ್‌ವ್ಯೂಗಳಲ್ಲಿ ಆನ್‌ಲೈನಾ ಅಂತ ಕೇಳಿದವರು ಕಡಿಮೆ, ಏನು ಕೆಲಸ ಮಾಡಿದ್ದೀರಿ ಅಂತಲೇ ಎಲ್ಲರೂ ಕೇಳಿದರು. ಹೇಳಿಕೊಳ್ಳಲು ಕೆಲಸದ ಅನುಭವವೇ ಇಲ್ಲದ ಹೊಸಬರಿಗೆ ಮಾತ್ರ ಈ ಕೋರ್ಸು ಮಾಡಿ ಅಂತ ನಾನು ಹೇಳುವುದಿಲ್ಲ. ಕ್ಯಾಂಪಸ್ ಇಂಟರ್‌ವ್ಯೂ ಅನ್ನುವುದು ಹೆಸರಿಗಷ್ಟೇ, ಸೀನಿಯರ್‌ಗಳ ಪರಿಚಯ ಆಗುವುದಿಲ್ಲ, ಬಾಗಿಲು ನೀವೇ ತಟ್ಟಬೇಕು.

ಮಾನ್ಯತೆ ವಿಷಯದಲ್ಲಿ ಎರಡನ್ನು ಬೆರೆಸಬೇಡಿ. ವಿಶ್ವವಿದ್ಯಾಲಯಕ್ಕೆ ಆ ದೇಶದ ನಿಯಂತ್ರಕರು ಪದವಿ ಕೊಡುವ ಅಧಿಕಾರ ಕೊಟ್ಟಿದ್ದಾರಾ ಅನ್ನುವುದು ಒಂದು, ಇದು ಇಲ್ಲದಿದ್ದರೆ ಮಾತೇ ಇಲ್ಲ. ಬಿಸಿನೆಸ್ ಸ್ಕೂಲುಗಳಿಗಷ್ಟೇ ಸಿಗುವ ಎಎಸಿಎಸ್‌ಬಿ, ಎಎಂಬಿಎ, ಈಕ್ವಿಸ್ ತರಹದ ಮಾನ್ಯತೆ ಇನ್ನೊಂದು. ಎಎಸಿಎಸ್‌ಬಿ 1916ರಿಂದ ಇದೆ. ಜಗತ್ತಿನ ಬಹುಪಾಲು ಬಿಸಿನೆಸ್ ಸ್ಕೂಲುಗಳಿಗೆ ಇವು ಯಾವುದೂ ಇಲ್ಲ, ಇಲ್ಲದಿದ್ದ ಮಾತ್ರಕ್ಕೆ ಪದವಿ ನಕಲಿ ಆಗುವುದಿಲ್ಲ. ಇನ್ನೊಂದು ಕಡೆ, ಅಗ್ಗದ್ದೆಲ್ಲ ಎರಡನೇ ದರ್ಜೆ ಅನ್ನುವವರಿಗೆ ಹೇಳಬೇಕಾದ್ದೂ ಇದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ 2016ರಲ್ಲಿ ಆನ್‌ಲೈನ್ ಕೋರ್ಸುಗಳ ತಾಣ ಕೋರ್ಸೆರಾ ಜೊತೆ ಕಡಿಮೆ ಶುಲ್ಕದ ಆನ್‌ಲೈನ್ ಎಂಬಿಎ ಶುರು ಮಾಡಿತು, 2019ರಲ್ಲಿ ಕ್ಯಾಂಪಸ್ಸಿನ ಪೂರ್ಣಾವಧಿ ಎಂಬಿಎಯನ್ನೇ ನಿಲ್ಲಿಸುವುದಾಗಿ ಹೇಳಿತು.

ಫೋನ್ ಮಾಡುವ ‘ಕೌನ್ಸೆಲರ್’ಗಳ ಬಗ್ಗೆ ಎಚ್ಚರ. ಎಷ್ಟೋ ಕಡೆ ಇವರು ವಿಶ್ವವಿದ್ಯಾಲಯದವರಲ್ಲ. ಕೋರ್ಸನ್ನು ಮಾರಿ ನಡೆಸಿಕೊಡುವ ಬೇರೆ ಕಂಪನಿಯವರು, ನೀವು ಕಟ್ಟುವ ಶುಲ್ಕದಲ್ಲಿ ಅದಕ್ಕೂ ಪಾಲು ಇರುತ್ತದೆ. ‘ನಾಳೆಯಿಂದ ರಿಯಾಯಿತಿ ಇಲ್ಲ’ ಅಂದರೆ ನಾಡಿದ್ದು ಮಾತಾಡೋಣ ಅಂತ ಇಟ್ಟುಬಿಡಿ. ಈ ರಿಯಾಯಿತಿ ಎಂದೂ ಮುಗಿದದ್ದನ್ನು ನಾನು ಕಂಡಿಲ್ಲ. ಇಂಥ ಕಂಪನಿಗಳಲ್ಲಿ ದೊಡ್ಡದಾಗಿದ್ದ, ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕೋರ್ಸುಗಳ ತಾಣವನ್ನು ಕೊಂಡಿದ್ದ 2ಯು ಅನ್ನುವ ಕಂಪನಿ 2024ರ ಜುಲೈನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಹಾಗಾಗಿ ಪದವಿ ಪತ್ರದಲ್ಲಿ ಯಾರ ಹೆಸರು ಇರುತ್ತದೆ, ನಡುವಿನ ಕಂಪನಿ ಹೋದರೆ ಪಾಠ ಯಾರು ಮುಂದುವರಿಸುತ್ತಾರೆ ಅಂತ ಇಮೇಲಿನಲ್ಲೇ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಆನ್‌ಲೈನ್ ಪರೀಕ್ಷೆ ಹಿಂಸೆ. ಕ್ಯಾಮೆರಾ ಆನ್, ಕೋಣೆ ತೋರಿಸು, ಮೇಜಿನ ಕೆಳಗೆ ತೋರಿಸು. ಯೋಚನೆ ಮಾಡಲು ಕಣ್ಣು ಮೇಲೆ ಎತ್ತಿದರೂ ಎಚ್ಚರಿಕೆ ಬರುತ್ತಿತ್ತು.

ನನ್ನ ಅಂಕ ಐದಕ್ಕೆ ಮೂರೂವರೆ. ಅಕೌಂಟಿಂಗ್, ಫೈನಾನ್ಸಿಗೆ ನಾಲ್ಕೂವರೆ ಕೊಡುತ್ತೇನೆ, ಉಳಿದದ್ದು ಕೆಳಗೆ ಎಳೆಯಿತು. ಈಗಾಗಲೇ ಸೇರಿರುವವರಿಗೆ ಒಂದು ಮಾತು. ಪದವಿ ಮುಗಿದ ಸ್ವಲ್ಪ ದಿನಕ್ಕೆ ನನ್ನ ಲಾಗಿನ್ ಮುಚ್ಚಿತು, ವಿಡಿಯೊ, ನೋಟ್ಸ್, ನಾನೇ ಬರೆದ ಅಸೈನ್‌ಮೆಂಟ್ ಎಲ್ಲವೂ ಅದರ ಜೊತೆ ಹೋಗುತ್ತಿದ್ದವು, ಅಷ್ಟರಲ್ಲಿ ಇಳಿಸಿಕೊಂಡಿದ್ದರಿಂದ ಬಚಾವ್. ಅಂಕಪಟ್ಟಿಯ ಅಧಿಕೃತ ಪ್ರತಿಗಳನ್ನೂ ಆಗಲೇ ಎರಡು ಮೂರು ತರಿಸಿಟ್ಟುಕೊಳ್ಳಿ. ಆಮೇಲೆ ಹೊಸ ಕಂಪನಿಯವರು ಪದವಿ ಪರಿಶೀಲನೆಗೆ ಬರೆದಾಗ ಸಂಸ್ಥೆಯಿಂದ ಉತ್ತರ ಬರಲು ವಾರಗಳೇ ಹಿಡಿದವು, ಅಲ್ಲಿಯವರೆಗೆ ಎಚ್‌ಆರ್‌ನವರನ್ನು ಸುಮ್ಮನಾಗಿಸಿದ್ದು ಆ ಪ್ರತಿಯೇ.