ಹಳೇ ಹೋಂಡಾ ಸಿಟಿ ಆಟೋಮ್ಯಾಟಿಕ್: ಗೇರ್‌ಬಾಕ್ಸ್ ಇಳಿಸುವ ಮುಂಚೆ ಒಂದು ಬೋಲ್ಟ್ ಬಿಚ್ಚಿ ನೋಡಿ

2009ರಿಂದ 2013ರವರೆಗೆ ಬಂದ ಸಿಟಿ, 1.5 ಪೆಟ್ರೋಲ್, ಐದು ಗೇರಿನ ಆಟೋಮ್ಯಾಟಿಕ್. ಮೈಲೇಜು, ಡಿಕ್ಕಿ, ಹಿಂದಿನ ಸೀಟಿನ ಜಾಗ ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ಬರೀ ಗೇರ್‌ಬಾಕ್ಸ್ ವಿಚಾರ. ವಯಸ್ಸಾದ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ದೂರು: 50–60ರ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ರಂಬಲ್ ಸ್ಟ್ರಿಪ್ ಮೇಲೆ ಹೋದಂಥ ನಡುಕ, ಮತ್ತು 'ಡಿ'ಗೆ ಹಾಕಿದ ಮೇಲೆ ಗೇರ್ ಹಿಡಿಯಲು ಕ್ಷಣ ಹೊತ್ತು ತಡ.

ನಡುಕ ಎಂಜಿನ್ನಿನದೋ ಗೇರ್‌ಬಾಕ್ಸಿನದೋ ಎಂದು ತಿಳಿಯಲು ಸ್ಕ್ಯಾನರ್ ಕೂಡ ಬೇಡ. ಖಾಲಿ ರಸ್ತೆಯಲ್ಲಿ ನಡುಕ ಶುರುವಾದಾಗ ಆಕ್ಸಿಲರೇಟರ್ ಹಾಗೇ ಇಟ್ಟು, ಎಡಗಾಲಲ್ಲಿ ಬ್ರೇಕ್ ಪೆಡಲನ್ನು ಹಿಂದಿನ ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಮುಟ್ಟಿ. ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವುದು ಟಾರ್ಕ್ ಕನ್ವರ್ಟರ್; ಅದರೊಳಗೆ ಎರಡನ್ನೂ ನೇರ ಬೆಸೆಯುವುದು ಲಾಕ್-ಅಪ್ ಕ್ಲಚ್. ಬ್ರೇಕ್ ಸ್ವಿಚ್ ಸಿಗ್ನಲ್ ಸಿಕ್ಕ ಕೂಡಲೇ ಈ ಕ್ಲಚ್ ಬಿಡುತ್ತದೆ. ನಡುಕ ನಿಂತರೆ ತಪ್ಪು ಲಾಕ್-ಅಪ್‌ನದು, ಹೆಚ್ಚಿನ ಸಲ ಸತ್ವ ಕಳೆದುಕೊಂಡ ಆಯಿಲ್‌ನದು. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್, ಕಾಯಿಲ್ ನೋಡಿ. ರಿವರ್ಸ್ ಹಾಕಿದಾಗ ಮಾತ್ರ 'ಧಡ್' ಎಂದರೆ ಮೊದಲು ಎಂಜಿನ್ ಮೌಂಟ್ (ಎಂಜಿನ್ ಕೂರುವ ರಬ್ಬರ್ ಆಧಾರ) ನೋಡಬೇಕು. ಡಿಪ್‌ಸ್ಟಿಕ್ಕನ್ನೂ ಎಳೆಯದೆ "ಬಾಕ್ಸ್ ಇಳಿಸಬೇಕು ಸಾರ್" ಅನ್ನುವ ಗ್ಯಾರೇಜಿನಿಂದ ಕೀ ವಾಪಸ್ ಇಸ್ಕೊಂಡು ಬನ್ನಿ.

ಈ ಬಾಕ್ಸಿನಲ್ಲಿ ಮನಸ್ಸು ಗೆದ್ದದ್ದು ಆಯಿಲ್ ಇಳಿಸುವ ಡ್ರೈನ್ ಬೋಲ್ಟ್. ಬಾಕ್ಸಿನ ತಳದ ತಟ್ಟೆ (ಪ್ಯಾನ್) ಇಳಿಸಬೇಕಿಲ್ಲ, ಗ್ಯಾಸ್ಕೆಟ್ ಕೆರೆಯಬೇಕಿಲ್ಲ. ಬೋಲ್ಟಿನ ತಲೆಯಲ್ಲಿ ಚೌಕದ ಗುಳಿ. 3/8 ಇಂಚಿನ ರ‍್ಯಾಚೆಟ್ ಸಾಕೆಟ್ ಇಲ್ಲದೆ ನೇರ ಅದರೊಳಗೆ ಕೂರುತ್ತದೆ. ಷಟ್ಕೋನದ ತಲೆ ಕಂಡರೆ ಕೈ ತೆಗೆಯಿರಿ, ಅದು ಎಂಜಿನ್ ಆಯಿಲ್‌ನದು. ಬೋಲ್ಟಿನ ತುದಿಯಲ್ಲಿ ಮ್ಯಾಗ್ನೆಟ್ ಇದೆ. ಅದಕ್ಕೆ ಬೂದು ಬಣ್ಣದ ನುಣುಪು ಲೇಪ ಅಂಟಿದ್ದರೆ ಸಹಜ ಸವೆತ, ಒರೆಸಿ ಹಾಕಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಒಳಗಿನ ಭಾಗವೇ ಮುರಿದಿದೆ, ಆಯಿಲ್‌ಗೆ ಖರ್ಚು ಮಾಡಬೇಡಿ.

ಒಂದು ಸಲಕ್ಕೆ ಇಳಿಯುವುದು ಸುಮಾರು ಎರಡೂವರೆ ಲೀಟರ್, ಅಂದರೆ ಒಟ್ಟು ಆಯಿಲ್‌ನ ಅರ್ಧಕ್ಕೂ ಕಡಿಮೆ. ಮಿಕ್ಕದ್ದು ಕನ್ವರ್ಟರಿನಲ್ಲೇ, ಕ್ಲಚ್‌ಗಳಲ್ಲೇ ಉಳಿಯುತ್ತದೆ. ಆದ್ದರಿಂದ ಮೂರು ಸಲ ಇಳಿಸಿ ತುಂಬಬೇಕು. ಪ್ರತಿ ಸುತ್ತಿನ ನಡುವೆ ಹತ್ತು–ಹದಿನೈದು ಕಿಲೋಮೀಟರ್ ಎಲ್ಲ ಗೇರ್ ಬೀಳುವ ಹಾಗೆ ಓಡಿಸಿ. ಕೊನೆಗೆ ಐದರಲ್ಲಿ ನಾಲ್ಕು ಪಾಲು ಹೊಸತಾಗುತ್ತದೆ. ಇಳಿದದ್ದನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು, ಅಷ್ಟನ್ನೇ ಡಿಪ್‌ಸ್ಟಿಕ್ ತೂತಿನಿಂದ ತೆಳು ಮೂತಿಯ ಫನೆಲ್‌ನಲ್ಲಿ ಸುರಿಯಿರಿ. ವಾಷರ್ ಪ್ರತಿ ಸಲ ಹೊಸದು; ಬೋಲ್ಟ್ ಬಿಗಿ 49 ನ್ಯೂಟನ್ ಮೀಟರ್. ಕೇಸು ಅಲ್ಯೂಮಿನಿಯಂನದು, ಹಿಡಿಕೆಗೆ ಉದ್ದದ ಪೈಪು ಸಿಕ್ಕಿಸಿ ಬಿಗಿದರೆ ಥ್ರೆಡ್ ಹೋಗುತ್ತದೆ. ಆಯಿಲ್ ಹೋಂಡಾದ್ದೇ ಆದ ಡಿಡಬ್ಲ್ಯೂ-1, ಹಳೆಯ ಝಡ್-1ರ ಜಾಗಕ್ಕೆ ಬಂದದ್ದು ಇದೇ. 2014ರಿಂದ ಬಂದ ಪೆಟ್ರೋಲ್ ಸಿಟಿಯ ಆಟೋಮ್ಯಾಟಿಕ್ ಸಿವಿಟಿ (ಹಂತದ ಗೇರುಗಳಿಲ್ಲದ ಬಾಕ್ಸ್), ಅದಕ್ಕೆ ಬೇಕಾದ ಆಯಿಲ್ ಎಚ್‌ಸಿಎಫ್-2, ಅದಲುಬದಲಾದರೆ ಅಪಾಯ. ಮಷೀನಿಟ್ಟು ಫ್ಲಶ್ ಮಾಡಿಸುವುದೂ, 'ಎಲ್ಲಾ ಗಾಡಿಗೂ ಆಗುತ್ತೆ' ಅನ್ನುವ ಆಯಿಲ್ಲೂ ಬೇಡ.

ಬೋಲ್ಟ್ ಕೊಟ್ಟ ಖುಷಿಯನ್ನು ಆಯಿಲ್ ಲೆವೆಲ್ ನೋಡುವ ಕ್ರಮ ಕಿತ್ತುಕೊಳ್ಳುತ್ತದೆ. ರೇಡಿಯೇಟರ್ ಫ್ಯಾನ್ ತಿರುಗುವಷ್ಟು ಬಿಸಿ ಮಾಡಿ, ಸಮತಟ್ಟಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, 60ರಿಂದ 90 ಸೆಕೆಂಡಿನೊಳಗೆ ನೋಡಬೇಕು. ಬಹಳಷ್ಟು ಬೇರೆ ಕಾರುಗಳಲ್ಲಿ ಎಂಜಿನ್ ಓಡುವಾಗ ನೋಡುತ್ತಾರೆ. ಅದೇ ರೂಢಿಯಲ್ಲಿ ಇಲ್ಲೂ ನೋಡಿದರೆ ಮಟ್ಟ ಕಡಿಮೆ ಕಾಣುತ್ತದೆ, ಮೆಕ್ಯಾನಿಕ್ ಇನ್ನೊಂದಿಷ್ಟು ಸುರಿಯುತ್ತಾರೆ. ಹೆಚ್ಚಾದ ಆಯಿಲನ್ನು ಗೇರುಗಳು ಕಡೆದು ನೊರೆ ಎಬ್ಬಿಸುತ್ತವೆ, ಒತ್ತಡ ಬೀಳುತ್ತದೆ, ಕ್ಲಚ್ ಜಾರುತ್ತದೆ. ಸರಿ ಇದ್ದ ಬಾಕ್ಸ್ ಕೆಡಲು ಇಷ್ಟು ಸಾಕು.

ಮೀಟರಿನ 'ಡಿ' ದೀಪ ಮಿನುಗಿದರೆ ಮೊದಲು ಸ್ಕ್ಯಾನರ್‌ನಿಂದ ದೋಷದ ಕೋಡ್ ಓದಿಸಿ. ಪಿ0847 ಅಥವಾ ಪಿ0848 ಬಂದರೆ ನೋಡಬೇಕಾದ್ದು ಮೂರನೇ ಗೇರಿನ ಕ್ಲಚ್ಚಿನ ಪ್ರೆಷರ್ ಸ್ವಿಚ್ ಮತ್ತದರ ವೈರು. ಬಾಕ್ಸಿನ ಹೊರಗಿಂದಲೇ ಬದಲಿಸುವ ಸಣ್ಣ ಭಾಗ. ಕನೆಕ್ಟರಿನೊಳಗೆ ಆಯಿಲ್ ಇಳಿದಿದೆಯಾ ನೋಡಿ. ಪಿ0740 ಬಂದರೆ ಲಾಕ್-ಅಪ್. ಪಿ0730ರ ಗುಂಪಿನ ಗೇರ್ ಅನುಪಾತದ ಕೋಡ್ ಜೊತೆಗೆ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ ಕ್ಲಚ್ ಪ್ಲೇಟುಗಳೇ ಹೋಗಿವೆ. ಯಾವ ಆಯಿಲ್ಲೂ ಅವನ್ನು ಮರಳಿ ತರದು.

ದಿನದ ಬಳಕೆಯಲ್ಲಿ ನನಗೆ ಇಷ್ಟವಾಗುವ ಕ್ರಮವೊಂದಿದೆ: ಇಳಿಜಾರಲ್ಲಿ ನಿಲ್ಲಿಸುವಾಗ 'ಎನ್', ಹ್ಯಾಂಡ್‌ಬ್ರೇಕ್, ಕಾಲಿನ ಬ್ರೇಕ್ ಸಡಿಲಿಸಿ ಗಾಡಿ ಕೂರಲು ಬಿಟ್ಟು, ಮತ್ತೆ ಬ್ರೇಕ್ ಒತ್ತಿ 'ಪಿ'. ಬೆಳಿಗ್ಗೆ ಲಿವರ್ ಎಳೆದಾಗ 'ಠಕ್' ಇರುವುದಿಲ್ಲ, 'ಪಿ'ಯಲ್ಲಿ ಗಾಡಿಯನ್ನು ಹಿಡಿದಿಡುವ ಪಾರ್ಕಿಂಗ್ ಹಲ್ಲಿನ ಮೇಲೆ ಭಾರವೂ ಇಲ್ಲ. ಬೆಂಗಳೂರಿನ ಟ್ರಾಫಿಕ್ಕಿಗಾದರೆ 30,000 ಕಿಲೋಮೀಟರಿಗೊಮ್ಮೆ ಒಂದು ಸುತ್ತು ಇಳಿಸಿ ತುಂಬುವುದು ನನ್ನ ಲೆಕ್ಕ. ರಿಪೇರಿಯ ಬೆಲೆ ಮುಂದೆ ಎರಡೂವರೆ ಲೀಟರ್ ಆಯಿಲ್ ಏನೂ ಅಲ್ಲ.

ಸೆಕೆಂಡ್‌ಹ್ಯಾಂಡ್ ಬಾಕ್ಸ್ ಕೂರಿಸುವ ಪರಿಸ್ಥಿತಿ ಬಂದರೆ ಅದರ ಜೊತೆಗಿನ ಕನ್ವರ್ಟರನ್ನೇ ಹಾಕಿಸಿ, ಆಯಿಲ್ ತಣಿಸುವ ಕೂಲರ್‌ನ ಪೈಪುಗಳನ್ನು ಎದುರಿಗೇ ತೊಳೆಸಿ. ಹಳೆಯದರ ಪುಡಿ ಅವುಗಳಲ್ಲೇ ಕೂತಿರುತ್ತದೆ.